ಭೋಗನೌಕೆಯ ಒಂದು ದಿನ

ಬೇಕಾದುದೆಲ್ಲವೂ ಕೇಳುವ ಮೊದಲೇ ಕೈಗೆ ಬಂದರೆ ಮನುಷ್ಯನು ತೃಪ್ತನಾಗುವನೇ? ನೀತಿಚಿಂತಕರು ಬಹುಕಾಲದಿಂದ ಎತ್ತುತ್ತ ಬಂದಿರುವ ಈ ಪ್ರಶ್ನೆಯನ್ನು ಅಮೆರಿಕೆಯ ಲೇಖಕ ಡೇವಿಡ್ ಫಾಸ್ಟರ್ ವಾಲೆಸ್ (1962–2008) ಒಂದು ಹಡಗಿನ ಊಟದ ಮೇಜಿನಲ್ಲಿ ಕುಳಿತು ಪರೀಕ್ಷಿಸಿದರು. 1995ರ ಮಾರ್ಚ್ ತಿಂಗಳಲ್ಲಿ ಅವರು ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್‌ನಿಂದ ಹೊರಟ 'ಜೆನಿತ್' ಎಂಬ ವಿಹಾರ ನೌಕೆಯಲ್ಲಿ ಕೆರಿಬಿಯನ್ ಸಮುದ್ರದ ಮೇಲೆ ಏಳು ರಾತ್ರಿಗಳನ್ನು ಕಳೆದರು. ಖರ್ಚು ವಹಿಸಿಕೊಂಡದ್ದು 'ಹಾರ್ಪರ್ಸ್' ಮಾಸಪತ್ರಿಕೆ. ಪ್ರಬಂಧವು ಆ ಪತ್ರಿಕೆಯ 1996ರ ಜನವರಿ ಸಂಚಿಕೆಯಲ್ಲಿ ಪ್ರಕಟವಾಗಿ, 1997ರಲ್ಲಿ ವಾಲೆಸ್ ಅವರ ಪ್ರಬಂಧಸಂಕಲನಕ್ಕೆ ಶೀರ್ಷಿಕೆಯನ್ನೂ ಒದಗಿಸಿತು. ಮೋಜೆಂದು ಹೆಸರಾದ, ಆದರೆ ತಾನು ಮತ್ತೆಂದೂ ಮಾಡಲಾರದ ಕೆಲಸ ಎಂಬುದು ಆ ಶೀರ್ಷಿಕೆಯ ತಾತ್ಪರ್ಯ. ಜೆನಿತ್ ಎಂದರೆ ಆಕಾಶದಲ್ಲಿ ನೆತ್ತಿಯ ಮೇಲಿನ ಬಿಂದು. ಪ್ರಬಂಧದಲ್ಲಿ ಲೇಖಕರು ಅದೇ ಹಡಗನ್ನು 'ನೇಡಿರ್' ಎಂದು ಕರೆಯುತ್ತಾರೆ. ಅದು ನೆತ್ತಿಗೆ ನೇರ ವಿರುದ್ಧವಾದ ಅಧೋಬಿಂದು. ಕೃತಿಯ ನಿಲುವು ಇಲ್ಲಿಂದಲೇ ಸ್ಪಷ್ಟವಾಗುತ್ತದೆ.

ಹಡಗಿನ ದಿನಚರಿಯನ್ನು ವಾಲೆಸ್ ಲೆಕ್ಕ ಬರೆಯುವ ಗುಮಾಸ್ತನ ಶ್ರದ್ಧೆಯಿಂದ ದಾಖಲಿಸಿದ್ದಾರೆ. ಆಯಾ ದಿನದ ವಿನೋದಗಳ ಪಟ್ಟಿಯುಳ್ಳ ಪುಟ್ಟ ಪತ್ರಿಕೆಯೊಂದು ಹಡಗಿನಲ್ಲಿಯೇ ಅಚ್ಚಾಗಿ ಪ್ರಯಾಣಿಕರಿಗೆ ದೊರೆಯುತ್ತದೆ. ಒಂದು ಇಡೀ ದಿನವನ್ನು ಲೇಖಕರು ಆ ಪಟ್ಟಿಗೆ ಒಪ್ಪಿಸಿಕೊಂಡು, ಗಂಟೆ ನಿಮಿಷಗಳ ಸಮೇತ ಬರೆದಿಡುತ್ತಾರೆ. ಮೇಜುಚೆಂಡಿನ ಆಟವಾಡುತ್ತಾರೆ; ಸಮುದ್ರದ ಮೇಲಕ್ಕೆ ಹಾರಿಸುವ ಮಣ್ಣಿನ ಬಿಲ್ಲೆಗಳಿಗೆ ಬಂದೂಕಿನಿಂದ ಗುರಿಯಿಡಲು ಹೋಗಿ ನಗೆಗೀಡಾಗುತ್ತಾರೆ. ಹಡಗಿನ ಗ್ರಂಥಾಲಯದಲ್ಲಿ ಒಂಬತ್ತು ವರ್ಷದ ಬಾಲಕಿಯೊಬ್ಬಳಿಗೆ ಚದುರಂಗದಲ್ಲಿ ಸೋತದ್ದನ್ನೂ ಅವರು ಮರೆಮಾಚುವುದಿಲ್ಲ. ರಾತ್ರಿ ಸಮ್ಮೋಹನಗಾರನ ಪ್ರದರ್ಶನದೊಂದಿಗೆ ಪ್ರಬಂಧ ಮುಗಿಯುತ್ತದೆ. ವಿಶ್ರಾಂತಿಗೆಂದು ಹೊರಟವರ ದಿನವು ಕಛೇರಿಯ ದಿನಕ್ಕಿಂತ ಹೆಚ್ಚು ಬಿಗಿಯಾದ ವೇಳಾಪಟ್ಟಿಗೆ ಒಳಪಟ್ಟಿರುವ ವೈಚಿತ್ರ್ಯವು, ಲೇಖಕರು ಬೊಟ್ಟುಮಾಡಿ ತೋರಿಸುವ ಮೊದಲೇ, ಓದುಗನಿಗೆ ಮನದಟ್ಟಾಗುತ್ತದೆ.

ಭೋಜನದ ವರ್ಣನೆಯಲ್ಲಿ ಕೃತಿಯ ಶಕ್ತಿ ಇನ್ನೂ ಹೆಚ್ಚಾಗಿ ಕಾಣುತ್ತದೆ. ಬೆಳಗಿನಿಂದ ನಡುರಾತ್ರಿಯವರೆಗೆ ಒಂದಾದ ಮೇಲೊಂದು ಊಟ, ಉಪಾಹಾರ. ಇದರ ಮೇಲೆ ಕೋಣೆಯಿಂದ ದೂರವಾಣಿಯಲ್ಲಿ ಹೇಳಿದರೆ ಹಗಲಿರುಳೆನ್ನದೆ ತಟ್ಟೆ ಬಾಗಿಲಿಗೆ ಬರುತ್ತದೆ. ಹೀಗೆ ತರಿಸಿಕೊಂಡಾಗಲೆಲ್ಲ ಲೇಖಕರು ತಮ್ಮ ಟಿಪ್ಪಣಿ ಪುಸ್ತಕಗಳನ್ನು ಹಾಸಿಗೆಯ ಮೇಲೆ ಹರಡಿಡುತ್ತಾರಂತೆ. ಕೆಲಸದ ಒತ್ತಡದಿಂದ ಊಟದ ಮನೆಗೆ ಬರಲಾಗಲಿಲ್ಲವೆಂದು ತಟ್ಟೆ ತಂದವನು ಭಾವಿಸಲಿ ಎಂಬುದು ಅವರ ಆಸೆ. ಹೊಟ್ಟೆ ತುಂಬಿದ್ದರೂ ತರಿಸಿಕೊಳ್ಳುವ ಚಪಲ ಒಂದು ಕಡೆ, ಅದನ್ನು ಮುಚ್ಚಿಡಬೇಕೆನ್ನುವ ನಾಚಿಕೆ ಇನ್ನೊಂದು ಕಡೆ. ಅತಿಭೋಗದಲ್ಲಿ ಮನಸ್ಸು ಪಡುವ ಪಾಡನ್ನು ಇಷ್ಟು ಸಣ್ಣ ಸಂಗತಿಯಿಂದ ಇಷ್ಟು ನಿಖರವಾಗಿ ಹಿಡಿದ ಬರಹ ವಿರಳ.

ಆದರೆ ಕೃತಿಯ ತಿರುಳಿರುವುದು ಮೆಕ್ಸಿಕೋದ ಕೊಸುಮೆಲ್ ಬಂದರಿನ ಪ್ರಸಂಗದಲ್ಲಿ. ಅಲ್ಲಿ 'ಡ್ರೀಮ್‌ವರ್ಡ್' ಎಂಬ ಬೇರೊಂದು ಹಡಗು ಪಕ್ಕದಲ್ಲಿ ಬಂದು ನಿಲ್ಲುತ್ತದೆ. ಅದರ ಬಿಳುಪು ಇನ್ನೂ ಬಿಳುಪೆಂದೂ, ಅಲ್ಲಿಯ ಊಟ ಇನ್ನೂ ರುಚಿಯೆಂದೂ ಲೇಖಕರಿಗೆ ತೋರತೊಡಗುತ್ತದೆ. ಆ ಹಡಗಿನೊಳಗೆ ಅವರು ಕಾಲಿಟ್ಟವರಲ್ಲ. ಅಲ್ಲಿಯ ಊಟವನ್ನು ರುಚಿ ನೋಡಿದವರೂ ಅಲ್ಲ. ಆದರೂ ಮೊದಲ ದಿನ ಬೆರಗು ಹುಟ್ಟಿಸಿದ ತಮ್ಮ ಹಡಗಿನಲ್ಲಿ ಈಗ ಅವರಿಗೆ ದೋಷಗಳೇ ಕಾಣುತ್ತವೆ. ಸೌಕರ್ಯ ಹೆಚ್ಚಿದಂತೆ ತೃಪ್ತಿಯ ಗಡಿಯೂ ಮುಂದೆ ಸರಿಯುತ್ತದೆ. ಮನಸ್ಸಿನೊಳಗಿನ ಹಸುಳೆಗೆ ಸಾಕು ಎಂಬ ಮಾತೇ ತಿಳಿಯದು. ಆದುದರಿಂದ ಸಂಪೂರ್ಣ ತೃಪ್ತಿಯ ಭರವಸೆ ಕೊಡುವ ವ್ಯಾಪಾರವು ಸ್ವಭಾವತಃ ಈಡೇರಿಸಲಾಗದ ಭರವಸೆಯನ್ನು ಮಾರುತ್ತದೆ. ಇದು ಪ್ರಬಂಧದ ಮುಖ್ಯ ನಿರ್ಣಯ. ಉಪದೇಶದಿಂದಲ್ಲದೆ ತನ್ನದೇ ಅಸೂಯೆಯನ್ನು ಬಯಲು ಮಾಡಿ ಅದನ್ನು ಸಾಧಿಸಿದುದು ಲೇಖಕರ ಹೆಚ್ಚುಗಾರಿಕೆ.

ವ್ಯವಹಾರದಲ್ಲಿರುವವರು ವಿಶೇಷವಾಗಿ ಗಮನಿಸಬೇಕಾದ ಭಾಗ ಮತ್ತೊಂದಿದೆ. ಹಡಗಿನ ಕಂಪನಿಯ ಪ್ರಚಾರ ಪುಸ್ತಕದಲ್ಲಿ ಫ್ರ್ಯಾಂಕ್ ಕಾನ್ರಾಯ್ ಎಂಬ ಹೆಸರಾಂತ ಸಾಹಿತಿಯ ಪ್ರವಾಸ ಪ್ರಬಂಧವೊಂದಿತ್ತು. ಅದನ್ನು ಸ್ವತಂತ್ರ ಸಾಹಿತ್ಯದಂತೆ ಅಚ್ಚು ಮಾಡಲಾಗಿತ್ತೇ ಹೊರತು, ಅದು ಹಣ ಪಡೆದು ಬರೆದದ್ದೆಂದು ಓದುಗನಿಗೆ ತಿಳಿಸಿರಲಿಲ್ಲ. ಕಾನ್ರಾಯ್ ಅವರನ್ನೇ ವಾಲೆಸ್ ವಿಚಾರಿಸುತ್ತಾರೆ. ಅವರು ನುಣುಚಿಕೊಳ್ಳದೆ ಒಪ್ಪಿಕೊಳ್ಳುತ್ತಾರೆ. ಜಾಹೀರಾತು ಜಾಹೀರಾತಾಗಿಯೇ ಬಂದರೆ ಓದುಗ ಎಚ್ಚರದಿಂದಿರುತ್ತಾನೆ. ಕಲೆಯ ವೇಷದಲ್ಲಿ ಬಂದರೆ ಅವನ ವಿಶ್ವಾಸವೇ ಲೂಟಿಯಾಗುತ್ತದೆ ಎಂಬ ಅವರ ವಾದ ಅಖಂಡನೀಯ. ಲಾಭಕ್ಕಾಗಿ ತುಟಿಯ ಮೇಲೆ ತಂದುಕೊಳ್ಳುವ ನಗುವನ್ನೂ ಅವರು ಇದೇ ಸಾಲಿಗೆ ಸೇರಿಸುತ್ತಾರೆ. ಇಲ್ಲಿ ಮಾತ್ರ ಒಂದು ತಿದ್ದುಪಡಿ ಅಗತ್ಯ. ಅಂಗಡಿಗೆ ಬಂದವರನ್ನು ನಗುಮೊಗದಿಂದ ಬರಮಾಡಿಕೊಳ್ಳುವುದು ಸುಳ್ಳಲ್ಲ, ಸೌಜನ್ಯ. ಆ ನಗು ಸ್ನೇಹವೆಂದು ಹೇಳಿಕೊಂಡಾಗ, ಅಥವಾ ನಗದಿದ್ದ ನೌಕರನಿಗೆ ಶಿಕ್ಷೆ ಕಾದಿದ್ದಾಗ, ಅದು ದೋಷವಾಗುತ್ತದೆ. ಈ ಎರಡರ ನಡುವಿನ ಅಂತರವನ್ನು ವಾಲೆಸ್ ಸಾಕಷ್ಟು ಗುರುತಿಸಿಲ್ಲ.

ಕೃತಿಯ ಕೊರತೆ ಕಾಣುವುದು ಬಡಿಸುವವರ ವಿಷಯದಲ್ಲಿ. ಅವರನ್ನು ಲೇಖಕರು ನೋಡಿಲ್ಲವೆಂದಲ್ಲ. 64ನೆಯ ಮೇಜಿಗೆ ಬಡಿಸುವ ಹಂಗೆರಿಯ ಟಿಬೋರ್‌ನನ್ನು ಅವರು ಗೌರವದಿಂದ ಚಿತ್ರಿಸುತ್ತಾರೆ; ಬುಡಾಪೆಸ್ಟ್‌ಗೆ ಮರಳಿ ಸ್ವಂತ ಉಪಾಹಾರಗೃಹ ತೆರೆಯುವ ಅವನ ಕನಸನ್ನೂ ದಾಖಲಿಸುತ್ತಾರೆ. ಕೋಣೆ ಗುಡಿಸುವ ಪೆಟ್ರಾ ಎಂಬಾಕೆ, ಲೇಖಕರು ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಹೊರಗಿದ್ದಾಗ ಮಾತ್ರ ಕಣ್ಣಿಗೆ ಬೀಳದಂತೆ ಬಂದು ಹಾಸಿಗೆ ಸರಿಪಡಿಸಿ ಹೋಗುತ್ತಾಳೆ. ಆಕೆಗೆ ಅದು ತಿಳಿಯುವುದು ಹೇಗೆಂದು ಅವರು ಹೊಂಚು ಹಾಕಿ ಪರೀಕ್ಷಿಸುತ್ತಾರೆ. ಇದು ಓದಲು ಸೊಗಸಾಗಿದೆ. ಆದರೆ ಅವರು ಬಿಡಿಸಲು ಹೊರಡುವುದು ಆಕೆ ಗುಟ್ಟಾಗಿ ಬಂದು ಹೋಗುವ ಒಗಟನ್ನು. ದಿನವಿಡೀ ಅಷ್ಟು ಕೋಣೆಗಳಿಗಾಗಿ ಕಾದಿರಬೇಕಾದ ಆಕೆಯ ಆಯಾಸವನ್ನಲ್ಲ.

ಹಮಾಲಿಯ ಪ್ರಸಂಗ ಇದನ್ನೇ ದೃಢಪಡಿಸುತ್ತದೆ. ಲೇಖಕರು ತಮ್ಮ ಚೀಲವನ್ನು ತಾವೇ ಹೊತ್ತು ಕೋಣೆಗೆ ಒಯ್ಯುತ್ತಾರೆ. ಪ್ರಯಾಣಿಕನ ಮಾತಿಗೆ ಎದುರಾಡಬಾರದೆಂಬುದು ಒಂದು ನಿಯಮ, ಪ್ರಯಾಣಿಕನು ಹೊರೆ ಹೊರಲು ಬಿಡಬಾರದೆಂಬುದು ಇನ್ನೊಂದು. ಎರಡರ ನಡುವೆ ಸಿಲುಕಿದ ಲೆಬನಾನಿನ ಬಡ ಹಮಾಲಿ ಮೇಲಧಿಕಾರಿಯಿಂದ ಬೈಗುಳ ತಿನ್ನುತ್ತಾನೆ. ಸುಖದ ವ್ಯವಸ್ಥೆಯಲ್ಲಿ ಅತಿಥಿಯ ಸಜ್ಜನಿಕೆಯೂ ಸೇವಕನಿಗೆ ದಂಡವಾಗಿ ಪರಿಣಮಿಸಬಹುದೆಂಬ ಗಂಭೀರ ಸತ್ಯ ಇಲ್ಲಿದೆ. ಆದರೆ ವಾಲೆಸ್ ವಿವರವಾಗಿ ಬರೆಯುವುದು ತಮ್ಮ ಪಶ್ಚಾತ್ತಾಪದ ಕಸಿವಿಸಿಯನ್ನು. ಮರುಕವೂ ಕೊನೆಗೆ ಅತಿಥಿಯ ಖಾತೆಗೇ ಜಮೆಯಾಗುತ್ತದೆ. ವಹಿಯ ಖರ್ಚಿನ ಬದಿಯಲ್ಲಿರುವ ದುಡಿಮೆಯ ಗಂಟೆಗಳು, ಕರಾರಿನ ತಿಂಗಳುಗಳು, ಊರಿನಲ್ಲಿ ಕಾಯುವ ಸಂಸಾರಗಳು ಪ್ರಬಂಧದ ಕೇಂದ್ರಕ್ಕೆ ಬರುವುದೇ ಇಲ್ಲ.

ಆ ಬದಿಯ ಅಂಕಿಗಳು ಸಣ್ಣವಲ್ಲ. 2006ರಲ್ಲಿ ಅಂಗೀಕೃತವಾಗಿ 2013ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಸಾಗರ ಕಾರ್ಮಿಕ ಒಪ್ಪಂದವು ಹಡಗಿನ ನೌಕರರ ರಕ್ಷಣೆಗಾಗಿಯೇ ಆದದ್ದು. ಅದರಲ್ಲಿಯೂ ದುಡಿಮೆಯ ಗರಿಷ್ಠ ಮಿತಿ ಯಾವುದೇ 24 ಗಂಟೆಗಳಲ್ಲಿ 14 ಗಂಟೆ, ಏಳು ದಿನಗಳಲ್ಲಿ 72 ಗಂಟೆ. ವಿಹಾರ ನೌಕೆಗಳಲ್ಲಿ ಬಡಿಸುವವರ ಕರಾರು ಸಾಮಾನ್ಯವಾಗಿ ಹಲವು ತಿಂಗಳುಗಳದ್ದು. ಅಷ್ಟು ಕಾಲವೂ ಪೂರ್ಣ ರಜೆಯ ದಿನ ಸಿಗುವುದು ಅಪರೂಪ. ಇದು ದೂರದ ಸಂಗತಿಯೂ ಅಲ್ಲ. ಗೋವಾ, ಮುಂಬಯಿ ಮತ್ತು ಮಂಗಳೂರು ಕಡೆಯ ಎಷ್ಟೋ ಯುವಕರು ಇಂಥ ಹಡಗುಗಳ ಅಡುಗೆಮನೆ, ಊಟದ ಮನೆಗಳಲ್ಲಿ ದುಡಿಯುತ್ತಿದ್ದಾರೆ.

ಸಹಪ್ರಯಾಣಿಕರನ್ನು ಕುರಿತ ಲೇಖಕರ ಪರಿಹಾಸವೂ ಆಕ್ಷೇಪಾರ್ಹ. ಅವರ ಉಡುಪು, ಸ್ಥೂಲ ದೇಹ, ಬಂದರಿನಲ್ಲಿ ಗುಂಪಾಗಿ ಇಳಿಯುವ ರೀತಿ, ಎಲ್ಲವೂ ವ್ಯಂಗ್ಯಕ್ಕೆ ವಸ್ತುವಾಗುತ್ತವೆ. ತಾವೂ ಅದೇ ಗುಂಪಿನವರೆಂದು ಅವರು ಒಪ್ಪಿಕೊಳ್ಳುವುದು ನಿಜ. ಆದರೂ ಪರನಿಂದೆಯೂ ಒಂದು ಭೋಗವೇ. ನಾಲಿಗೆಯ ಒಂದು ಚಪಲವನ್ನು ಇಷ್ಟು ಕಟ್ಟುನಿಟ್ಟಾಗಿ ಪರೀಕ್ಷಿಸಿದ ಲೇಖಕರು ಅದರ ಇನ್ನೊಂದು ಚಪಲವನ್ನು ಪ್ರಶ್ನಿಸದೆ ಬಿಟ್ಟದ್ದು ವಿಷಾದನೀಯ.

ಈ ಕೃತಿಯನ್ನು ಇಂದು ಓದುವುದಕ್ಕೆ ಸಮಾಜದ ಕುಟುಂಬಗಳಿಗೆ ಕಾರಣವುಂಟು. ಮುಂಬಯಿಯಿಂದ ಹೊರಡುವ ವಿಹಾರ ನೌಕೆಗಳಲ್ಲಿ ಈಗ ಜೈನ ಊಟವೂ ಲಭ್ಯ. ತಟ್ಟೆಯಲ್ಲಿ ಗೆಡ್ಡೆಗೆಣಸು ಇಲ್ಲವೆಂಬ ಸಮಾಧಾನ ಸಹಜವಾದುದೇ. ಆದರೆ ಏನನ್ನು ಉಣ್ಣಬೇಕೆಂಬುದಕ್ಕೆ ಮಾತ್ರವಲ್ಲದೆ, ಎಷ್ಟರಲ್ಲಿ ನಿಲ್ಲಿಸಬೇಕೆಂಬುದಕ್ಕೂ ವ್ರತವುಂಟು. ಭೋಗೋಪಭೋಗ ಪರಿಮಾಣವೆಂಬ ಹೆಸರಿನಲ್ಲಿಯೇ ಅಳತೆಯ ಮಾತಿದೆ. ಕೊಸುಮೆಲ್‌ನಲ್ಲಿ ವಾಲೆಸ್ ಅವರನ್ನು ಕಾಡಿದ ಅತೃಪ್ತಿಗೆ ತಟ್ಟೆಯಲ್ಲಿದ್ದ ಪದಾರ್ಥ ಕಾರಣವಾಗಿರಲಿಲ್ಲ, ಅಳತೆಯಿಲ್ಲದಿರುವಿಕೆ ಕಾರಣವಾಗಿತ್ತು. ಶುದ್ಧವಾದ ತಟ್ಟೆಯೂ ಆ ಅತೃಪ್ತಿಯಿಂದ ಕಾಪಾಡಲಾರದು. ಆ ತಟ್ಟೆಯನ್ನು ತಂದವನು ಅಂದು ಎಷ್ಟು ಗಂಟೆ ನಿಂತಿದ್ದನೆಂಬ ಪ್ರಶ್ನೆಯಿಂದಲೂ ಬಿಡುಗಡೆ ಕೊಡದು.

ಜೆನಿತ್ ನೌಕೆ ಅನೇಕ ಒಡೆಯರ ಕೈದಾಟಿ, 2022ರಲ್ಲಿ ಒಡೆಯುವ ಸಲುವಾಗಿ ಗುಜರಾತಿನ ಅಲಂಗ್ ತೀರವನ್ನು ಸೇರಿತು. ಅದರ ಏಳು ರಾತ್ರಿಗಳ ಸುಖದ ಲೆಕ್ಕ ವಾಲೆಸ್ ಅವರ ಪ್ರಬಂಧದಲ್ಲಿ ಉಳಿದಿದೆ. ಜಮೆಯ ಬದಿಯನ್ನು ಇಷ್ಟು ಪ್ರಾಮಾಣಿಕವಾಗಿ ಬರೆದ ಕೃತಿಯು ಖಂಡಿತವಾಗಿ ಓದತಕ್ಕದ್ದು. ಖರ್ಚಿನ ಬದಿಯನ್ನು ಓದುಗನು ತಾನೇ ತುಂಬಿಕೊಳ್ಳಬೇಕು. ಹಡಗಿನಲ್ಲಿರಲಿ, ಮದುವೆಯ ಮಂಟಪದಲ್ಲಿರಲಿ, ಬಡಿಸುವವನ ಕೈಯನ್ನು ಕ್ಷಣಕಾಲ ನೋಡಿ ಸಾಕು ಎನ್ನಬಲ್ಲವನು ಈ ಪ್ರಬಂಧವನ್ನು ಪೂರ್ಣವಾಗಿ ಓದಿದವನು.