ಒಂದು ‘ಬೇಡ’ಕ್ಕೆ ಎರಡು ‘ಬೇಕು’

ಅಮೆರಿಕದಲ್ಲಿ ಮನೆ ಕೊಳ್ಳೋಕೆ ಹೊರಟ ನಮ್ಮವರು ಬಾಗಿಲು ಪೂರ್ವಕ್ಕಿದೆಯಾ ಅಂತ ನೋಡೋದಕ್ಕೂ ಮೊದಲು ಕೇಳೋ ಪ್ರಶ್ನೆ ಒಂದಿದೆ: ‘ಸ್ಕೂಲ್ ಡಿಸ್ಟ್ರಿಕ್ಟ್ ಯಾವುದು?’ ಒಳ್ಳೆ ಶಾಲೆ ಇದ್ದರೆ ಮನೆಗೆ ರೇಟು ಜಾಸ್ತಿ. ಮನೆಗಳ ರೇಟು ಜಾಸ್ತಿ ಇದ್ದರೆ ಶಾಲೆಗೆ ಬರೋ ತೆರಿಗೆ ಜಾಸ್ತಿ. ತೆರಿಗೆ ಜಾಸ್ತಿ ಇದ್ದರೆ ಶಾಲೆ ಇನ್ನೂ ಒಳ್ಳೇದಾಗುತ್ತೆ. ಈ ಚಕ್ರದ ಒಳಗಿರೋರಿಗೆ ಎಲ್ಲ ಸರಿಯಾಗೇ ಕಾಣುತ್ತೆ. ಹೊರಗೆ ಉಳಿದ ಸಣ್ಣ ಊರುಗಳು ಶಾಲೆ ಕಟ್ಟೋದು ಹೇಗೆ ಅಂತ ವಿಚಾರಿಸಿದಾಗ ಮಾತ್ರ ಇದರ ಇನ್ನೊಂದು ಮುಖ ಗೊತ್ತಾಗೋದು.

ನಮ್ಮೂರ ಸರ್ಕಾರಿ ಶಾಲೆಗೆ ಎರಡು ಕೊಠಡಿ ಬೇಕು ಅಂದರೆ ಎಸ್‌ಡಿಎಂಸಿಯವರು ಬಿಇಒ ಆಫೀಸಿಗೂ ಎಂಎಲ್‌ಎ ಮನೆಗೂ ಅಲೆಯುತ್ತಾರೆ. ಅಲ್ಲಿ ಹಾಗಲ್ಲ. ಅಮೆರಿಕದ ಸುಮಾರು 13,000 ಸ್ಕೂಲ್ ಡಿಸ್ಟ್ರಿಕ್ಟ್‌ಗಳಲ್ಲಿ ಹೆಚ್ಚಿನವು ಒಂದೊಂದು ಪುಟ್ಟ ಸರ್ಕಾರವಿದ್ದ ಹಾಗೆ. ಚುನಾಯಿತ ಮಂಡಳಿ ಇದೆ, ತೆರಿಗೆ ಹಾಕೋ ಅಧಿಕಾರ ಇದೆ. ಮೇಷ್ಟ್ರ ಸಂಬಳದಂಥ ದಿನನಿತ್ಯದ ಖರ್ಚಿಗೆ ರಾಜ್ಯ ಸರ್ಕಾರದಿಂದ ದೊಡ್ಡ ಪಾಲೇ ಬರುತ್ತೆ. ಆದರೆ ಕಟ್ಟಡದ ವಿಷಯ ಬಂದಾಗ ಬಹುತೇಕ ಕಡೆ ‘ನಿಮ್ಮ ಮನೆ, ನೀವೇ ಕಟ್ಟಿಕೊಳ್ಳಿ’ ಅನ್ನೋದೇ ನೀತಿ. ಡಿಸ್ಟ್ರಿಕ್ಟ್ ಬಾಂಡ್ ಹೊರಡಿಸಿ ಸಾಲ ತರಬೇಕು. ಆ ಸಾಲವನ್ನ ಇಪ್ಪತ್ತು ಮೂವತ್ತು ವರ್ಷ ಊರಿನ ಪ್ರಾಪರ್ಟಿ ಟ್ಯಾಕ್ಸ್‌ನಿಂದ ತೀರಿಸಬೇಕು. ಅದಕ್ಕೂ ಮುಂಚೆ ಊರಿನ ಮತದಾರರ ಒಪ್ಪಿಗೆ ಬೇಕು.

ಕೇಳೋಕೆ ಎಷ್ಟು ಚೆಂದ ಅಲ್ವಾ? ಊರಿನ ಶಾಲೆ, ಊರಿನ ದುಡ್ಡು, ಊರಿನ ತೀರ್ಮಾನ. ಈಗ ಲೆಕ್ಕ ಹಾಕಿ ನೋಡಿ. 20 ಮಿಲಿಯನ್ ಡಾಲರ್ ಸಾಲ, ಶೇಕಡ 4ರ ಬಡ್ಡಿ, 20 ವರ್ಷದ ಅವಧಿ ಅಂದುಕೊಳ್ಳಿ. ವರ್ಷಕ್ಕೆ ಸುಮಾರು 14.7 ಲಕ್ಷ ಡಾಲರ್ ಕಂತು ಬೀಳುತ್ತೆ. ಊರಿನ ಎಲ್ಲ ಆಸ್ತಿಯ ತೆರಿಗೆಮೌಲ್ಯ ಸೇರಿ 10 ಬಿಲಿಯನ್ ಡಾಲರ್ ಇದ್ದರೆ, 3 ಲಕ್ಷ ಡಾಲರ್ ಮನೆಯವನಿಗೆ ವರ್ಷಕ್ಕೆ 44 ಡಾಲರ್ ಹೊರೆ. ಒಂದು ಸಲ ಹೋಟೆಲಿಗೆ ಹೋದ ಖರ್ಚು. ಅದೇ ಊರಿನ ಆಸ್ತಿ 1 ಬಿಲಿಯನ್ ಮಾತ್ರ ಇದ್ದರೆ ಅಷ್ಟೇ ಬೆಲೆಯ ಮನೆಯವನಿಗೆ 441 ಡಾಲರ್. ಶಾಲೆ ಅದೇ, ಇಟ್ಟಿಗೆ ಅದೇ, ಸಾಲ ಅದೇ. ಬಡ ಊರಿನವನು ಮಾತ್ರ ಹತ್ತು ಪಟ್ಟು ಕಟ್ಟಬೇಕು. ಇಷ್ಟಾದ ಮೇಲೆ ‘ಅವರಿಗೆ ಶಿಕ್ಷಣದ ಬಗ್ಗೆ ಕಾಳಜಿ ಇಲ್ಲ, ಅದಕ್ಕೇ ವೋಟು ಹಾಕಲ್ಲ’ ಅಂದರೆ ಏನು ಹೇಳೋಣ!

ಐಡಾಹೊ ರಾಜ್ಯದಲ್ಲಿ ಈ ಕಥೆ ಇನ್ನೂ ಒಂದು ಸುತ್ತು ಬಿಗಿಯಾಗಿದೆ. ಅಲ್ಲಿ ಶಾಲೆಯ ಬಾಂಡ್ ಪಾಸಾಗಲು ಮೂರನೇ ಎರಡರಷ್ಟು ವೋಟು ಬೇಕು. ರಾಜ್ಯದ ಸಂವಿಧಾನದಲ್ಲೇ ಹಾಗೆ ಬರೆದಿದೆ. ಸಾವಿರ ಜನ ವೋಟು ಹಾಕಿ 650 ಮಂದಿ ‘ಬೇಕು’ ಅಂದರೂ ಶಾಲೆ ಇಲ್ಲ. ಅಂದರೆ ‘ಬೇಡ’ ಅನ್ನೋ ಒಬ್ಬನ ಮಾತಿಗೆ ‘ಬೇಕು’ ಅನ್ನೋ ಇಬ್ಬರ ಮಾತಿನ ತೂಕ. ಶೇಕಡ 65 ವೋಟು ತಗೊಂಡ ರಾಜಕಾರಣಿ ಮೆರವಣಿಗೆ ಹೊರಡ್ತಾನೆ. ಅಷ್ಟೇ ವೋಟು ತಗೊಂಡ ಶಾಲೆ ಸೋರೋ ಸೂರಿನ ಕೆಳಗೇ ಇರುತ್ತೆ.

ಅಲ್ಲಿನ ಸಾಮನ್ ಅನ್ನೋ ಊರನ್ನೇ ನೋಡಿ. ಬೆಟ್ಟಗಳ ನಡುವೆ ಸುಮಾರು ಮೂರು ಸಾವಿರ ಜನ. ಅದಿರೋ ಲೆಮ್ಹೈ ಕೌಂಟಿಯ ಶೇಕಡ 90ಕ್ಕಿಂತ ಹೆಚ್ಚು ನೆಲ ಕೇಂದ್ರ ಸರ್ಕಾರದ್ದು. ಅದಕ್ಕೆ ಪ್ರಾಪರ್ಟಿ ಟ್ಯಾಕ್ಸ್ ಹಾಕೋ ಹಾಗಿಲ್ಲ. ಉಳಿದ ಚೂರು ನೆಲದ ಮೇಲೇ ಎಲ್ಲ ಹೊರೆ. ಸುಮಾರು ಎರಡು ದಶಕದಲ್ಲಿ ಅಲ್ಲಿ ಹತ್ತಕ್ಕೂ ಹೆಚ್ಚು ಸಲ ಬಾಂಡ್ ವೋಟಿಗೆ ಬಂತು, ಬಿತ್ತು. ಕೊನೆಗೆ 2024ರ ಮೇ ತಿಂಗಳಲ್ಲಿ 20 ಮಿಲಿಯನ್ ಡಾಲರ್‌ನ ಬಾಂಡ್ ಪಾಸಾಯಿತು. ಖುಷಿಯ ಸುದ್ದಿಯೇ. ಆದರೆ ಮೊದಮೊದಲು ಬಾಂಡ್ ಬಿದ್ದಾಗ ಒಂದನೇ ಕ್ಲಾಸಲ್ಲಿದ್ದ ಮಗು ಆ ಹೊತ್ತಿಗೆ ಹೈಸ್ಕೂಲೂ ಮುಗಿಸಿ ಹೊರಗೆ ಬಂದಾಗಿತ್ತು. ಆ ಮಗುವಿಗೆ ಹೊಸ ಶಾಲೆ ಯಾರು ಕೊಡ್ತಾರೆ?

ಇದು ಸರಿಯಿಲ್ಲ ಅಂತ ಕೋರ್ಟು ಹೇಳಿ ಎಷ್ಟೋ ವರ್ಷ ಆಯ್ತು. 1990ರಲ್ಲಿ ಶುರುವಾದ ಕೇಸಿನಲ್ಲಿ ಐಡಾಹೊ ಸುಪ್ರೀಂ ಕೋರ್ಟ್ 2005ರಲ್ಲಿ, ಪ್ರಾಪರ್ಟಿ ಟ್ಯಾಕ್ಸ್ ಆಧಾರದ ಸಾಲವನ್ನೇ ನಂಬಿಕೊಂಡು ಶಾಲೆ ಕಟ್ಟಿಸೋ ಪದ್ಧತಿ ಸಂವಿಧಾನಕ್ಕೆ ವಿರುದ್ಧ ಅಂದಿತು. 2024ರಲ್ಲಿ ರಾಜ್ಯ ಸರ್ಕಾರ ಹತ್ತು ವರ್ಷಕ್ಕೆ 1.5 ಬಿಲಿಯನ್ ಡಾಲರ್ ಕೊಡೋ ಕಾನೂನು ಮಾಡಿತು. ಹಂಚಿದ್ದು ಹೇಗೆ? ಮಕ್ಕಳ ಹಾಜರಿ ಲೆಕ್ಕದಲ್ಲಿ. ಮಕ್ಕಳು ಹೆಚ್ಚಿರೋ ದೊಡ್ಡ ಡಿಸ್ಟ್ರಿಕ್ಟ್‌ಗೆ ದೊಡ್ಡ ಮೊತ್ತ, ಮಕ್ಕಳು ಕಡಿಮೆ ಇರೋ ಹಳ್ಳಿಗೆ ಒಂದು ಹೊಸ ಕಟ್ಟಡಕ್ಕೂ ಸಾಲದ ಮೊತ್ತ. ಆದರೆ ಅಡಿಪಾಯ, ಬಾಯ್ಲರ್, ಛಾವಣಿಯ ಖರ್ಚು ಮಕ್ಕಳು ಅರ್ಧ ಆದರು ಅಂತ ಅರ್ಧ ಆಗೋದಿಲ್ಲವಲ್ಲ.

‘ಬೇಡ’ ಅಂದವರೆಲ್ಲ ಜಿಪುಣರು ಅಂತ ನಾನು ಹೇಳ್ತಿಲ್ಲ. ಪಿಂಚಣಿಯಲ್ಲಿ ಬದುಕೋ ಅಜ್ಜಿಗೆ ವರ್ಷಕ್ಕೆ 441 ಡಾಲರ್ ಅಂದರೆ ಔಷಧಿಯ ದುಡ್ಡು. ಮಂಡಳಿಗಳೂ ಸಾಚಾ ಅಲ್ಲ. ಕ್ಯಾಲಿಫೋರ್ನಿಯಾದ ಪೋವೇ ಡಿಸ್ಟ್ರಿಕ್ಟ್ ತೆರಿಗೆ ದರ ಏರಿಸಲ್ಲ ಅಂತ ಮಾತು ಕೊಟ್ಟಿತ್ತು. ಆ ಮಾತು ಉಳಿಸಿಕೊಳ್ಳೋಕೆ 2011ರಲ್ಲಿ 105 ಮಿಲಿಯನ್ ಸಾಲ ತಂದು, ಮೊದಲ 20 ವರ್ಷ ಏನೂ ಕಟ್ಟದೆ, ಆಮೇಲೆ ಹತ್ತಿರ ಹತ್ತಿರ ಒಂದು ಬಿಲಿಯನ್ ತೀರಿಸೋ ಒಪ್ಪಂದ ಮಾಡಿಕೊಂಡಿತು. ಬಿಲ್ಲು ಮಾತ್ರ ಮಕ್ಕಳ ಹೆಸರಿಗೆ! ಇಂಥದ್ದಕ್ಕೆ ಕಡಿವಾಣ ಹಾಕೋಕೆ ರಾಜ್ಯ 2013ರಲ್ಲಿ, ಬಡ್ಡಿ ಅಸಲು ಸೇರಿ ತೀರಿಸೋ ಮೊತ್ತ ಅಸಲಿನ ನಾಲ್ಕು ಪಟ್ಟು ಮೀರಬಾರದು ಅಂತ ಕಾನೂನು ತಂದಿತು. ಮತದಾರರ ಅನುಮಾನಕ್ಕೆ ಕಾರಣ ಇಲ್ಲದಿಲ್ಲ. ಆದರೆ ಅನುಮಾನಕ್ಕೆ ಮದ್ದು ಲೆಕ್ಕಪರಿಶೋಧನೆ. ಶಾಲೆ ನಿಲ್ಲಿಸೋದು ಅಲ್ಲ.

ಇನ್ನು ನಮ್ಮವರ ವಿಷಯ. ಎಚ್‌-1ಬಿ ವೀಸಾದಲ್ಲಿ ಇರೋ ಸಾವಿರಾರು ಕನ್ನಡಿಗರು ಅಲ್ಲಿ ಮನೆ ಕೊಂಡು ಪ್ರತಿ ವರ್ಷ ಈ ತೆರಿಗೆ ಕಟ್ಟುತ್ತಾರೆ, ಮಕ್ಕಳನ್ನ ಅದೇ ಶಾಲೆಗೆ ಕಳಿಸುತ್ತಾರೆ. ಬಾಂಡ್‌ಗೆ ವೋಟು ಹಾಕೋ ಹಕ್ಕು ಮಾತ್ರ ಇಲ್ಲ. ಆದರೂ ಅವರಿಗೊಂದು ದಾರಿ ಇದೆ: ದುಡ್ಡಿದ್ದರೆ ಒಳ್ಳೆ ಡಿಸ್ಟ್ರಿಕ್ಟ್‌ಗೆ ಮನೆ ಬದಲಾಯಿಸಬಹುದು. ಸಾಮನ್‌ನ ದನ ಸಾಕೋನು ಎಲ್ಲಿಗೆ ಹೋಗ್ತಾನೆ?

ಶಾಲೆ ಎಲ್ಲಿ ಕಟ್ಟಬೇಕು, ಹೇಗೆ ಕಟ್ಟಬೇಕು, ಗ್ರಂಥಾಲಯ ದೊಡ್ಡದಿರಬೇಕಾ ಆಟದ ಮೈದಾನ ದೊಡ್ಡದಿರಬೇಕಾ, ಇದನ್ನೆಲ್ಲ ಊರು ತೀರ್ಮಾನಿಸಲಿ. ಅದು ಅವರ ಹಕ್ಕು. ಮಗುವಿನ ತಲೆ ಮೇಲೆ ಸೋರದ ಸೂರು ಬೇಕಾ ಬೇಡ್ವಾ ಅನ್ನೋದು ಮಾತ್ರ ವೋಟಿಗೆ ಹಾಕೋ ಪ್ರಶ್ನೆ ಅಲ್ಲ. ಆಸ್ತಿ ಕಡಿಮೆ ಇರೋ ಊರಿಗೆ ರಾಜ್ಯ ಹೆಚ್ಚು ಕೊಡಲಿ, ಹೆಚ್ಚಿರೋ ಊರಿಗೆ ಕಡಿಮೆ ಕೊಡಲಿ. ಅಷ್ಟು ಮಾಡದೆ ‘ಸ್ಥಳೀಯ ಸ್ವಾಯತ್ತತೆ’ ಅಂತ ಹೇಳೋದು ಖಾಲಿ ಪರ್ಸ್ ಕೈಗೆ ಕೊಟ್ಟು ‘ಏನು ಬೇಕಾದರೂ ಕೊಂಡ್ಕೋ, ನಿನ್ನಿಷ್ಟ’ ಅಂದ ಹಾಗೆ. ಮುಂದಿನ ಸಲ ಯಾರಾದರೂ ‘ಸ್ಕೂಲ್ ಡಿಸ್ಟ್ರಿಕ್ಟ್ ಚೆನ್ನಾಗಿದೆ, ಅದಕ್ಕೇ ಮನೆ ತಗೊಂಡ್ವಿ’ ಅಂದಾಗ ಅಭಿನಂದನೆ ಹೇಳಿ. ಪಕ್ಕದ ಡಿಸ್ಟ್ರಿಕ್ಟ್ ಹೇಗಿದೆ ಅಂತಲೂ ಒಂದು ಮಾತು ಕೇಳಿ.