ನಮ್ಮ ಸಾಹಿತ್ಯದಲ್ಲಿ ಕಂತಿಯರು

ಕಡೂರಿನ ಒಂದು ಶಾಸನ ಹತ್ತನೆಯ ಶತಮಾನದ ಒಬ್ಬ ರಾಜಸ್ತ್ರೀಯ ಸಂಗತಿಯನ್ನು ತಿಳಿಸುತ್ತದೆ. ಗಂಗರ ಬೂತುಗನ ಅಕ್ಕ ಪಾಂಬಬ್ಬೆ ಅರಮನೆಯನ್ನು ಬಿಟ್ಟು, ತಲೆಗೂದಲನ್ನು ಕಿತ್ತು, ತಪಸ್ಸಿಗೆ ನಿಂತಳು. ನಾಣಬ್ಬೆ ಕಂತಿಯ ಶಿಷ್ಯೆಯಾಗಿ ಮೂವತ್ತು ವರ್ಷ ತಪಸ್ಸು ಮಾಡಿ ಕ್ರಿ. ಶ. 971ರಲ್ಲಿ ದೇಹವನ್ನು ಬಿಟ್ಟಳು. ಶಾಸನಕ್ಕೆ ಇಷ್ಟು ಸಾಕು. ಕಲ್ಲಿನ ಮೇಲೆ ಅಕ್ಷರ ಕೊರೆಯುವವನಿಂದ ಇದಕ್ಕಿಂತ ಹೆಚ್ಚನ್ನು ಕೇಳುವುದು ನ್ಯಾಯವಲ್ಲ. ಆದರೆ ಕಾವ್ಯದಿಂದ, ಕಥೆಯಿಂದ, ಚರಿತ್ರೆಯಿಂದ ಕೇಳಬಹುದಷ್ಟೆ? ಮೂವತ್ತು ವರ್ಷವೆಂದರೆ ಹನ್ನೊಂದು ಸಾವಿರದಷ್ಟು ಬೆಳಗು. ಆ ಬೆಳಗುಗಳಲ್ಲಿ ಪಾಂಬಬ್ಬೆ ಏನು ಮಾಡಿದಳು, ಯಾರ ಜೊತೆ ನಡೆದಳು, ಯಾವ ಹಬ್ಬಕ್ಕೆ ಅವಳ ಮನಸ್ಸು ಅರಳಿತು, ಗುರುವಾದ ನಾಣಬ್ಬೆ ಕಂತಿ ಅವಳನ್ನು ಗದರಿಕೊಂಡದ್ದುಂಟೆ ಎಂಬ ಪ್ರಶ್ನೆಗಳಿಗೆ ನಮ್ಮ ಸಾಹಿತ್ಯದಲ್ಲಿ ಉತ್ತರ ಹುಡುಕಹೊರಟರೆ ಕೈಗೆ ಸಿಕ್ಕುವುದು ಬಹಳ ಕಡಮೆ.

ಇದು ವಿಚಿತ್ರವೆನ್ನಬೇಕು. ಕನ್ನಡದ ಆದಿಕಾಲದ ಸಾಹಿತ್ಯವನ್ನು ಕಟ್ಟಿದವರಲ್ಲಿ ಜೈನ ಕವಿಗಳು ಮುಖ್ಯರು. ವೈರಾಗ್ಯವನ್ನು ಅವರಷ್ಟು ಬಗೆಬಗೆಯಾಗಿ ಬಣ್ಣಿಸಿದವರು ವಿರಳ. ಆದರೂ ಅವರ ದೃಷ್ಟಿ ಸನ್ಯಾಸಿನಿಯ ಬಾಳಿನ ಎರಡು ಬಾಗಿಲುಗಳ ಮೇಲೆಯೇ ನೆಟ್ಟಿತ್ತು. ಒಂದು, ಅವಳು ದೀಕ್ಷೆಗೆ ಒಳಹೊಕ್ಕ ಬಾಗಿಲು. ಇನ್ನೊಂದು, ಸಮಾಧಿಮರಣದಲ್ಲಿ ಹೊರಹೋದ ಬಾಗಿಲು. ಎರಡು ಬಾಗಿಲುಗಳ ನಡುವಿನ ಮನೆಯನ್ನು ಅವರು ನೋಡಲಿಲ್ಲ.

ಉದಾಹರಣೆಗಳನ್ನು ನೋಡೋಣ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ, ಹಿಂದೆ ಕಳ್ವಪ್ಪು ಅಥವಾ ಕಟವಪ್ರವೆನಿಸಿಕೊಂಡ ಬಂಡೆಯ ಮೇಲೆ, ಏಳನೆಯ ಎಂಟನೆಯ ಶತಮಾನದಷ್ಟು ಹಳೆಯ ಶಾಸನಗಳಿವೆ. ಅವುಗಳಲ್ಲಿ ನಾಗಮತಿ, ಅನಂತಮತಿ, ಶಶಿಮತಿ ಮೊದಲಾದ ಗಂತಿಯರ ಹೆಸರುಗಳಿವೆ. ಕನ್ನಡದಲ್ಲಿ ಹೆಸರಿನಿಂದ ನಮಗೆ ಗೊತ್ತಿರುವ ಬಹು ಹಳೆಯ ಹೆಂಗಸರಲ್ಲಿ ಇವರೂ ಸೇರಿದವರು. ನಾಗಮತಿ ಚಿತ್ತೂರಿನ ಮೌನಿಗುರುವಿನ ಶಿಷ್ಯೆ, ಮೂರು ತಿಂಗಳು ವ್ರತ ನಡೆಸಿ ಮುಡಿಪಿದಳು ಎಂದು ತಿಳಿಯುತ್ತದೆ. ಅವಳ ಬಾಳಿನಲ್ಲಿ ಲೆಕ್ಕಕ್ಕೆ ಬಂದ ಕಾಲ ಆ ಕೊನೆಯ ಮೂರು ತಿಂಗಳು ಮಾತ್ರ.

'ವಡ್ಡಾರಾಧನೆ'ಗೆ ಬಂದರೆ ಅಲ್ಲಿಯ ಹತ್ತೊಂಬತ್ತು ಕಥೆಗಳ ನಾಯಕರೆಲ್ಲ ಪುರುಷರು. ಆದರೆ ಮೊದಲನೆಯ ಕಥೆಯಲ್ಲಿಯೇ ನಾಗಶ್ರೀ ಎಂಬ ಹುಡುಗಿ ಬರುತ್ತಾಳೆ. ಋಷಿಗಳಿಂದ ಅವಳು ಐದು ವ್ರತಗಳನ್ನು ಪಡೆದು ಬಂದಾಗ ತಂದೆ ಸಿಟ್ಟಾಗಿ, ಅವನ್ನು ಹಿಂದಕ್ಕೆ ಕೊಟ್ಟು ಬರೋಣವೆಂದು ಅವಳನ್ನು ಕರೆದುಕೊಂಡು ಹೊರಡುತ್ತಾನೆ. ದಾರಿಯುದ್ದಕ್ಕೂ ಕೊಲೆ, ಸುಳ್ಳು, ಕಳವು ಮೊದಲಾದ ತಪ್ಪುಗಳಿಗೆ ಶಿಕ್ಷೆ ಅನುಭವಿಸುತ್ತಿರುವವರು ಕಣ್ಣಿಗೆ ಬೀಳುತ್ತಾರೆ. ಒಂದೊಂದನ್ನು ಕಂಡಾಗಲೂ ಹುಡುಗಿ, ಇದನ್ನು ಬಿಡಬೇಕೆನ್ನುವ ವ್ರತವನ್ನೇ ಅಲ್ಲವೆ ನಾನು ಹಿಂದಿರುಗಿಸಬೇಕಾದದ್ದು ಎಂಬ ಧಾಟಿಯಲ್ಲಿ ತಂದೆಯನ್ನು ಕೇಳುತ್ತಾಳೆ. ಮಗಳ ವಿನಯವೂ ಹಟವೂ ಬೆರೆತ ಈ ಪ್ರಸಂಗ ಇಂದಿಗೂ ಹಳತಾಗಿಲ್ಲ. ಆದರೆ ವ್ರತ ಗಟ್ಟಿಯಾದ ಮೇಲಿನ ಅವಳ ದಿನಗಳಿಗೆ ಕಥೆ ಅಷ್ಟು ಸ್ಥಳ ಕೊಡುವುದಿಲ್ಲ. ಏಕೆಂದರೆ ಅವಳು ಮುಂದೆ ಸುಕುಮಾರಸ್ವಾಮಿಯಾಗಿ ಹುಟ್ಟಬೇಕಾದ ಜೀವ. ಕಥೆಗೆ ಆತುರ ಅಲ್ಲಿಗೆ ತಲುಪುವುದರಲ್ಲಿ.

ಈ ಆತುರದ ಮೂಲ ಧರ್ಮಶಾಸ್ತ್ರದಲ್ಲಿದೆ. ದಿಗಂಬರ ಸಂಪ್ರದಾಯದಂತೆ ಸ್ತ್ರೀದೇಹದಲ್ಲಿದ್ದು ಮೋಕ್ಷ ಪಡೆಯುವಂತಿಲ್ಲ. ಆರ್ಯಿಕೆಯ ಮಹಾವ್ರತಗಳು ಉಪಚಾರದಿಂದ ಮಾತ್ರ ಮಹಾವ್ರತಗಳು. ಅವಳ ಬಾಳು ದಾರಿ, ಗುರಿಯಲ್ಲ. ಗುರಿಯನ್ನೇ ಹಾಡುವ ಪುರಾಣಕವಿ ದಾರಿಯಲ್ಲಿ ತಂಗಲಿಲ್ಲವೆಂದರೆ ಆಶ್ಚರ್ಯಪಡಬೇಕಾದ್ದಿಲ್ಲ. ಪಂಪನ 'ಆದಿಪುರಾಣ'ವನ್ನೇ ನೋಡಿ. ಆದಿದೇವನು ಅಕ್ಷರವನ್ನೂ ಅಂಕಿಯನ್ನೂ ಕಲಿಸಿದ್ದು ಹೆಣ್ಣುಮಕ್ಕಳಾದ ಬ್ರಾಹ್ಮಿಗೆ, ಸೌಂದರಿಗೆ. ಇಬ್ಬರೂ ದೀಕ್ಷೆ ಪಡೆದವರು. ಆದರೂ ಕೆಲವು ಕ್ಷಣ ಕುಣಿದು ಕರಗಿಹೋದ ನೀಲಾಂಜನೆ ಸಹೃದಯರ ಮನಸ್ಸಿನಲ್ಲಿ ನಿಂತಂತೆ, ಅಕ್ಷರ ಕಲಿತು ತಪಸ್ವಿನಿಯಾದ ಬ್ರಾಹ್ಮಿ ನಿಲ್ಲುವುದಿಲ್ಲ.

ಇನ್ನು ಕನ್ನಡದ ಮೊದಲ ಕವಯಿತ್ರಿ ಎಂದು ನಾವು ಅಭಿಮಾನದಿಂದ ಹೇಳಿಕೊಳ್ಳುವ ಕಂತಿಯ ವಿಷಯ. ಅಭಿನವ ಪಂಪ ನಾಗಚಂದ್ರನೊಡನೆ ಸಮಸ್ಯೆಗಳಲ್ಲಿ ಸ್ಪರ್ಧಿಸಿದಳೆಂದು ಅವಳ ಕಥೆ. ಅವಳಿಂದ ಹೊಗಳಿಸಿಕೊಳ್ಳಲು ನಾಗಚಂದ್ರ ಸತ್ತಂತೆ ನಟಿಸಿದನೆಂಬುದನ್ನು ನಮ್ಮಲ್ಲಿ ಅನೇಕರು ಶಾಲೆಯಲ್ಲಿಯೇ ಕೇಳಿದ್ದೇವೆ. ಇದರಲ್ಲಿ ಇತಿಹಾಸವೆಷ್ಟು, ಕಟ್ಟುಕಥೆಯೆಷ್ಟು ಎಂದು ವಿದ್ವಾಂಸರು ಸಂದೇಹಪಟ್ಟಿದ್ದಾರೆ. ನನ್ನ ಪ್ರಶ್ನೆ ಬೇರೆ. 'ಕಂತಿ' ಎಂಬುದು ಒಬ್ಬಳ ಹೆಸರಲ್ಲ. ಜೈನ ಸನ್ಯಾಸಿನಿ ಎಂಬುದಕ್ಕೆ ಕನ್ನಡದಲ್ಲಿದ್ದ ಸಾಮಾನ್ಯ ಪದ. ಎಂದರೆ, ನಮ್ಮ ಮೊದಲ ಕವಯಿತ್ರಿಯ ಹೆಸರೇ ನಮಗೆ ಉಳಿದಿಲ್ಲ; 'ಸನ್ಯಾಸಿನಿ' ಎಂಬ ವೇಷ ಉಳಿದಿದೆ. ಆ ವೇಷವನ್ನಾದರೂ ಕಥೆ ಬಸದಿಯಲ್ಲಿ ತೋರಿಸಲಿಲ್ಲ, ರಾಜಸಭೆಯಲ್ಲಿ ತೋರಿಸಿತು.

'ಅಕ್ಕಮಹಾದೇವಿ ಇಲ್ಲವೆ?' ಎಂದು ವಾಚಕರು ಕೇಳಬಹುದು. ಇದ್ದಾಳೆ, ತನ್ನ ಮಾತನ್ನು ತಾನೇ ಆಡಿದವಳು ಅವಳು. ಆದರೆ ಅಕ್ಕ ಒಬ್ಬಂಟಿಯಾಗಿ ನಡೆದವಳು. 'ಶೂನ್ಯಸಂಪಾದನೆ'ಯೂ ಅವಳನ್ನು ಕಲ್ಯಾಣದಲ್ಲಿ ಪರೀಕ್ಷೆಗೆ ನಿಲ್ಲಿಸಿ, ಗೆದ್ದ ಮೇಲೆ ಶ್ರೀಶೈಲದ ಕಡೆಗೆ ಕಳುಹಿಸಿಕೊಡುತ್ತದೆ. ಹತ್ತು ಜನ ಹೆಂಗಸರು ಒಂದು ನಿಯಮಕ್ಕೆ ಒಳಪಟ್ಟು ಒಟ್ಟಿಗೆ ಬಾಳುವುದು ಬೇರೆಯೇ ಬಗೆಯ ಸಾಹಸ. ಅದರ ಕಷ್ಟ ಒಬ್ಬಂಟಿಯ ಕಷ್ಟವಲ್ಲ. ಅದರ ಸುಖವೂ ಅಲ್ಲ.

ಹೀಗೆ ಒಟ್ಟಿಗೆ ಬಾಳಿದ ಹೆಂಗಸರು ತಮ್ಮ ಸಂಗತಿಯನ್ನು ತಾವೇ ಬರೆದಿಟ್ಟ ನಿದರ್ಶನ ಲೋಕದಲ್ಲಿ ಇಲ್ಲದಿಲ್ಲ. ನಮ್ಮ ದೇಶದಲ್ಲಿಯೇ ಬೌದ್ಧ ಭಿಕ್ಷುಣಿಯರ ಪಾಲಿ ಪದ್ಯಗಳ ಸಂಗ್ರಹ 'ಥೇರೀಗಾಥಾ' ಇದೆ. ಬಿಟ್ಟುಬಂದ ಒರಳು ಒನಕೆಗಳ ನೆನಪು ಕೂಡ ಅದರಲ್ಲಿ ಬರುತ್ತದೆ. ಯೂರೋಪಿನ ಡೊಮಿನಿಕನ್ ಸನ್ಯಾಸಿನಿಯರದು ಇನ್ನೊಂದು ನಿದರ್ಶನ. ಸಂತ ಡೊಮಿನಿಕ್ 1206ರ ಸುಮಾರಿಗೆ ದಕ್ಷಿಣ ಫ್ರಾನ್ಸಿನ ಪ್ರೂಯಿಯಲ್ಲಿ ಹೆಂಗಸರಿಗಾಗಿ ಒಂದು ಮಠವನ್ನು ಸ್ಥಾಪಿಸಿದ. ಮುಂದೆ ಹದಿನಾಲ್ಕನೆಯ ಶತಮಾನದಲ್ಲಿ, ಇಂದಿನ ಸ್ವಿಟ್ಜರ್ಲೆಂಡಿನ ಟೋಸ್, ಆಲ್ಸೇಸಿನ ಉಂಟರ್‌ಲಿಂಡನ್ ಮೊದಲಾದ ಮಠಗಳ ಸೋದರಿಯರು ತಮ್ಮ ಹಿರಿಯರ ಚರಿತ್ರೆಗಳನ್ನು ಬರೆದಿಟ್ಟರು. 'ಸೋದರಿಯರ ಪುಸ್ತಕಗಳು' ಎಂದು ವಿದ್ವಾಂಸರು ಇವನ್ನು ಕರೆಯುತ್ತಾರೆ. ಇವುಗಳಲ್ಲಿ ಪವಾಡಗಳು ಬೇಕಾದಷ್ಟಿವೆ. ಇಂದಿನ ವಾಚಕನಿಗೆ ಬೇಸರ ತರುವಷ್ಟು ಇವೆ. ಆದರೆ ಪವಾಡ ನಡೆಯುವ ಸ್ಥಳಗಳನ್ನು ಗಮನಿಸಬೇಕು: ಪ್ರಾರ್ಥನೆಯ ಸಾಲು, ನೂಲುವ ಕೋಣೆ, ರೋಗಿಗಳ ಕೋಣೆ. ಕ್ರಿಸ್ಮಸ್ ಬಂತೆಂದರೆ ಬಾಲಯೇಸುವಿನ ಮೇಲೆ ಆ ಹೆಂಗಸರು ತೋರುವ ವಾತ್ಸಲ್ಯ, ನಮ್ಮಲ್ಲಿ ಗೋಕುಲಾಷ್ಟಮಿಯ ದಿನ ತೊಟ್ಟಿಲು ತೂಗುವ ಮನೆಗಳನ್ನು ನೆನಪಿಗೆ ತರುತ್ತದೆ. ಅವರಿಗೂ ಪಾದ್ರಿಯಾಗುವ ಅಧಿಕಾರವಿರಲಿಲ್ಲ, ಆದರೂ ಬರೆದರು. ಶಾಸ್ತ್ರ ಹೆಂಗಸಿಗೆ ಎರಡನೆಯ ಸ್ಥಾನ ಕೊಟ್ಟಿತೆಂಬ ಒಂದೇ ಕಾರಣದಿಂದ ಸಾಹಿತ್ಯ ಮೌನವಾಗಬೇಕಾದ್ದಿಲ್ಲವೆಂಬುದಕ್ಕೆ ಇಷ್ಟು ಸಾಕು.

ಇದನ್ನೆಲ್ಲ ಹಳೆಯ ಕಾಲದ ವಿಚಾರವೆಂದು ತಳ್ಳಿಬಿಡುವಂತಿಲ್ಲ. ಐನಾಪುರದ ಸೀಮೆಯನ್ನು ನೋಡಿ. ಹಿಂದೆ ಅಥಣಿ ತಾಲ್ಲೂಕಿನಲ್ಲಿದ್ದು ಈಗ ಕಾಗವಾಡ ತಾಲ್ಲೂಕಿಗೆ ಸೇರಿದ, ಕೃಷ್ಣೆಯ ನೀರಿನ, ಕಬ್ಬಿನ ಊರು ಅದು. ಕಳೆದ ನೂರು ವರ್ಷದ ದಿಗಂಬರ ಮುನಿಪರಂಪರೆಗೆ ಈ ಸೀಮೆಯೇ ತವರುಮನೆ. ಚಿಕ್ಕೋಡಿ ಕಡೆಯ ಭೋಜದ ಶಾಂತಿಸಾಗರರು, ಶೇಡಬಾಳದ ವಿದ್ಯಾನಂದರು, ಸದಲಗಾದ ವಿದ್ಯಾಸಾಗರರು ಎಲ್ಲರೂ ಇಲ್ಲಿಯವರು. ಶಾಂತಿಸಾಗರರ ಶಿಷ್ಯರಾಗಿ ಸಂಸ್ಕೃತದಲ್ಲಿ ಅನೇಕ ಗ್ರಂಥಗಳನ್ನು ಬರೆದ ಕುಂಥುಸಾಗರರು ಐನಾಪುರದವರೇ. ಇವರ ಹುಟ್ಟು, ತಂದೆತಾಯಿ, ದೀಕ್ಷೆ, ಚಾತುರ್ಮಾಸ, ಎಲ್ಲವೂ ಪುಸ್ತಕಗಳಲ್ಲಿ ಸಿಕ್ಕುತ್ತವೆ. 1955ರಲ್ಲಿ ಕುಂಥಲಗಿರಿಯಲ್ಲಿ ಶಾಂತಿಸಾಗರರು ನಡೆಸಿದ ಸಲ್ಲೇಖನವನ್ನು ದಿನದಿನವಾಗಿ ವರ್ಣಿಸಬಲ್ಲ ಹಿರಿಯರು ಆ ಕಡೆ ಬಹುಕಾಲ ಇದ್ದರು. ವಿದ್ಯಾಸಾಗರರ ತಾಯಿಯೂ ದೀಕ್ಷೆ ಪಡೆದು ಸಮಯಮತಿ ಎಂಬ ಆರ್ಯಿಕೆಯಾದರು. ಆದರೆ ಚರಿತ್ರಕಾರರ ಲೇಖನಿಯಲ್ಲಿ ಅವರು ಬಹುಮಟ್ಟಿಗೆ ತಾಯಿಯಾಗಿಯೇ ಉಳಿದಿದ್ದಾರೆ.

ಆ ಕಡೆಯ ಊರುಗಳಲ್ಲಿ ಆರ್ಯಿಕೆಯರ ಸಂಘ ಚಾತುರ್ಮಾಸಕ್ಕೆ ನಿಂತಿತೆಂದರೆ ಆಷಾಢದಿಂದ ದೀಪಾವಳಿಯವರೆಗೆ ಊರಿನ ದಿನಚರಿಯೇ ಬದಲಾಗುತ್ತದೆ. ಬಿಳಿಯ ಸೀರೆಯೊಂದು, ನವಿಲುಗರಿಯ ಪಿಂಛಿಯೊಂದು, ಕಮಂಡಲುವೊಂದು: ಇಷ್ಟೇ ಅವರ ಆಸ್ತಿ. ನಸುಕಿನಲ್ಲಿ ಸಾಮಾಯಿಕ, ಪ್ರತಿಕ್ರಮಣ, ಆಮೇಲೆ ಸ್ವಾಧ್ಯಾಯ, ದಿನಕ್ಕೆ ಒಂದೇ ಸಲ, ಕುಳಿತು, ಅಂಗೈಯಲ್ಲಿ ಆಹಾರ. ಅದಕ್ಕಾಗಿ ಮನೆಯ ಹೆಂಗಸರು ಬೆಳಗಿನಿಂದ ಮಡಿಯಲ್ಲಿ ನೀರು ಸೋಸಿ, ಚೌಕಾ ಹಾಕಿ, ಬಾಗಿಲಲ್ಲಿ ನಿಂತು ಕರೆಯುತ್ತಾರೆ. ಮುನಿಗಳಿಗೆ 'ನಮೋಸ್ತು', ಮಾತಾಜಿಯವರಿಗೆ 'ವಂದಾಮಿ'. ಈ ಎರಡು ಪದಗಳ ಅಂತರದಲ್ಲಿ ಹಿಂದೆ ಹೇಳಿದ ಶಾಸ್ತ್ರವೆಲ್ಲ ಅಡಗಿದೆ. ತುತ್ತಿನಲ್ಲಿ ಒಂದು ಕೂದಲೆಳೆ ಕಂಡರೂ ಅಂತರಾಯ. ಅಂದಿನ ಊಟ ಅಲ್ಲಿಗೆ ಮುಗಿಯಿತು. ಆಗ ಆ ಮನೆಯೊಡತಿಯ ಮುಖವನ್ನು ಕಂಡವರಿಗೆ, ಸನ್ಯಾಸಿನಿಯ ಉಪವಾಸದ ಕಷ್ಟ ಅವಳಿಗಿಂತ ಹೆಚ್ಚಾಗಿ ಬಡಿಸಿದವಳನ್ನು ಸುಡುತ್ತದೆಂಬುದು ತಿಳಿದೀತು.

ಹಬ್ಬಗಳೂ ಉಂಟು. ಜ್ಯೇಷ್ಠದ ಶ್ರುತಪಂಚಮಿ ಗ್ರಂಥಗಳ ಹಬ್ಬ. ಭಾದ್ರಪದದಲ್ಲಿ ದಶಲಕ್ಷಣ ಪರ್ವ. ಆದಿದೇವನು ದೀರ್ಘ ಉಪವಾಸದ ಮೇಲೆ ಶ್ರೇಯಾಂಸನ ಕೈಯಿಂದ ಕಬ್ಬಿನ ಹಾಲು ಸ್ವೀಕರಿಸಿದ ದಿನ ಅಕ್ಷಯತೃತೀಯ; ಕಬ್ಬಿನ ಸೀಮೆಯವರಿಗೆ ಇದಕ್ಕಿಂತ ತಮ್ಮದೆನ್ನಿಸುವ ಪುರಾಣಪ್ರಸಂಗ ಬೇರೊಂದಿರಲಾರದು. ಚಾತುರ್ಮಾಸ ಮುಗಿದ ಮೇಲೆ ಹಳೆಯ ಪಿಂಛಿಯನ್ನು ಬಿಟ್ಟು ಹೊಸದನ್ನು ಹಿಡಿಯುವ ಸಮಾರಂಭ. ಹಳೆಯದು ವ್ರತ ಹಿಡಿದ ಗೃಹಸ್ಥರೊಬ್ಬರ ಮನೆಗೆ ಹೋಗುತ್ತದೆ. ಮರುದಿನವೋ ಆಮೇಲೋ ಸಂಘ ಬರಿಗಾಲಲ್ಲಿ ಹೊರಟುಹೋಗುತ್ತದೆ. ಸೀಮೆಯನ್ನು ಬಿಡುವವರೆಗೂ ಹಿಂದೆ ನಡೆದುಬರುವ ಹೆಂಗಸರ ಗುಂಪಿನಲ್ಲಿ ಅಳುವವರುಂಟು. ಮುಂದೆ ನಡೆಯುವವರಿಗೆ ಅಳುವ ಅಧಿಕಾರವಿಲ್ಲ.

ಈ ಮಾತು ಅಲಂಕಾರಕ್ಕಾಗಿ ಹೇಳಿದ್ದಲ್ಲ. ಪ್ರಾಕೃತದ 'ಮೂಲಾಚಾರ' ಆರ್ಯಿಕೆಯರಿಗೆ ನಿಷೇಧಿಸಿದ ಕೆಲಸಗಳಲ್ಲಿ ಅಳುವುದು ಒಂದು. ಮೀಯಿಸುವುದು, ಉಣ್ಣಿಸುವುದು, ಅಡುಗೆ ಮಾಡುವುದು, ನೂಲುವುದು ಉಳಿದವು. ಪಟ್ಟಿಯನ್ನು ಮೆಲ್ಲಗೆ ಇನ್ನೊಮ್ಮೆ ಓದಿ ನೋಡಬೇಕು. ಮನೆಯಲ್ಲಿ ಹೆಂಗಸು ಏನೇನು ಮಾಡುತ್ತಾಳೋ ಅದೆಲ್ಲದರ ಪಟ್ಟಿ ಅದು. ಡೊಮಿನಿಕನ್ ಸೋದರಿಯರಿಗೆ ನೂಲುವ ಕೋಣೆಯೇ ದೇವರು ಬರುವ ಕೋಣೆಯಾಯಿತು. ನಮ್ಮವರಿಗೆ ನೂಲನ್ನು ಬಿಡುವುದೇ ದೇವರ ಕಡೆಗಿನ ಹೆಜ್ಜೆಯಾಯಿತು. ಅದೇ 'ಮೂಲಾಚಾರ' ಇನ್ನೊಂದನ್ನೂ ಹೇಳುತ್ತದೆ: ಆರ್ಯಿಕೆಯರು ಒಬ್ಬರಿಗೊಬ್ಬರು ಅನುಕೂಲರಾಗಿ, ಒಬ್ಬರನ್ನೊಬ್ಬರು ಕಾಪಾಡಿಕೊಂಡು ಇರಬೇಕು, ಹೊರಗೆ ಹೋಗುವಾಗ ಮೂವರೋ ಐವರೋ ಏಳು ಮಂದಿಯೋ ಜೊತೆಯಾಗಿ ಹೋಗಬೇಕು. ಒಂದು ಕಡೆ ಎಲ್ಲ ನಂಟನ್ನೂ ಹರಿದುಕೊಳ್ಳಬೇಕೆಂಬ ಆಜ್ಞೆ. ಇನ್ನೊಂದು ಕಡೆ ಒಬ್ಬರನ್ನೊಬ್ಬರು ಬಿಡಕೂಡದೆಂಬ ಆಜ್ಞೆ. ಈ ಎರಡರ ನಡುವೆ ಬಾಳುವುದು ಹೇಗೆ? ಒಬ್ಬ ಕಾದಂಬರಿಕಾರನಿಗೆ ಇದಕ್ಕಿಂತ ದೊಡ್ಡ ವಸ್ತು ಬೇಕೆ?

ವಸ್ತುವನ್ನು ಕಂಡವನೊಬ್ಬ ಹೊರಗಿನವನು. ವಿಲಿಯಂ ಡಾಲ್ರಿಂಪಲ್ ಇಂಗ್ಲಿಷಿನಲ್ಲಿ ಬರೆದು 2009ರಲ್ಲಿ ಪ್ರಕಟಿಸಿದ 'ನೈನ್ ಲೈವ್ಸ್' ಪುಸ್ತಕದ ಮೊದಲ ಅಧ್ಯಾಯ ಶ್ರವಣಬೆಳಗೊಳದಲ್ಲಿ ಭೇಟಿಯಾದ ಒಬ್ಬ ಮಾತಾಜಿಯ ಕಥೆ. ಅವನೂ ದೀಕ್ಷೆ ಮತ್ತು ಸಲ್ಲೇಖನ ಎಂಬ ಎರಡು ಬಾಗಿಲುಗಳ ಬಳಿ ಹೆಚ್ಚು ಹೊತ್ತು ನಿಲ್ಲುತ್ತಾನೆ; ಪರದೇಶದ ವಾಚಕರಿಗೆ ಬೆರಗು ಹುಟ್ಟಿಸುವ ಚಪಲವೂ ಅವನಿಗೆ ಇಲ್ಲದಿಲ್ಲ. ಆದರೆ ವರ್ಷಗಟ್ಟಲೆ ಜೊತೆಗೆ ನಡೆದ ಗೆಳತಿಯ ಮರಣದಿಂದ ಆ ಮಾತಾಜಿಗಾದ ದುಃಖವನ್ನು ಅವನು ಕೇಳಿಸಿಕೊಂಡಿದ್ದಾನೆ, ತೀರ್ಪು ಕೊಡದೆ ಬರೆದಿದ್ದಾನೆ. ಆ ಕೆಲವು ಪುಟಗಳಿಗಾಗಿ ಉಳಿದುದನ್ನು ಕ್ಷಮಿಸಬಹುದು. ಉತ್ತರದವರಾದ ಆರ್ಯಿಕೆ ಜ್ಞಾನಮತಿಯವರು ಹಿಂದಿಯಲ್ಲಿ ತಮ್ಮ ನೆನಪುಗಳನ್ನು ತಾವೇ ಬರೆದಿದ್ದಾರೆ. 1965ರಲ್ಲಿ ಅವರು ಚಾತುರ್ಮಾಸ ಮಾಡಿದ್ದು ನಮ್ಮ ಶ್ರವಣಬೆಳಗೊಳದಲ್ಲಿಯೇ. ನಮ್ಮಲ್ಲಿ ಹೆಚ್ಚಾಗಿ ಬರುತ್ತಿರುವುದು ಅಭಿನಂದನ ಗ್ರಂಥಗಳು. ಅವುಗಳಲ್ಲಿ ಯಾವ ವರ್ಷ ಯಾವ ಊರಿನಲ್ಲಿ ಚಾತುರ್ಮಾಸವೆಂಬ ಯಾದಿ ಇರುತ್ತದೆ, ಮೆರವಣಿಗೆಯ ಚಿತ್ರ ಇರುತ್ತದೆ, ವಿಶೇಷಣಗಳಿರುತ್ತವೆ. ಮನುಷ್ಯಳೊಬ್ಬಳು ಇರುವುದಿಲ್ಲ. ಭಕ್ತಿಗೆ ವಿಶೇಷಣ ಸಾಕಾಗಬಹುದು. ಸಾಹಿತ್ಯಕ್ಕೆ ಕ್ರಿಯಾಪದ ಬೇಕು.

ಪೇಟೆಯ ವಿದ್ಯಾವಂತರಾದ ನಮ್ಮ ಪಾಡೂ ಇದಕ್ಕಿಂತ ಮೇಲಲ್ಲ. ದೀಕ್ಷೆ ಪಡೆದ ತರುಣಿಯ ಸುದ್ದಿ ಪತ್ರಿಕೆಯಲ್ಲಿ ಬಂದರೆ ನಮ್ಮಲ್ಲಿ ಅರ್ಧ ಜನ 'ಪಾಪ' ಎನ್ನುತ್ತೇವೆ, ಇನ್ನರ್ಧ ಜನ 'ಧನ್ಯೆ' ಎನ್ನುತ್ತೇವೆ. ಎರಡು ಮಾತೂ ಅವಳ ಕುರಿತು ಹೆಚ್ಚು ಯೋಚಿಸದಿರಲು ನಾವು ಕಂಡುಕೊಂಡ ಉಪಾಯಗಳು. ಅವಳು ಮನೆಯಿಂದ ಓಡಿಹೋದಳೆ, ಒಂದು ಕಡೆಗೆ ನಡೆದುಹೋದಳೆ ಎಂಬುದು ಬಾಗಿಲಲ್ಲಿ ನಿಂತವರಿಗೆ ತಿಳಿಯುವಂಥದಲ್ಲ. ಹತ್ತು ವರ್ಷ ಕಳೆದ ಮೇಲೆ, ಒಂದು ಸಾಮಾನ್ಯ ದಿನದ ಮಧ್ಯಾಹ್ನ, ಅವಳು ಹೇಗೆ ಕುಳಿತಿದ್ದಾಳೆ ಎಂಬುದರಿಂದ ತಿಳಿಯುವಂಥದು. ಆ ಮಧ್ಯಾಹ್ನವನ್ನು ಯಾರಾದರೂ ಬರೆಯಬೇಕು.

ಬರೆಯುವ ಭಾಷೆ ಆ ಸೀಮೆಯಲ್ಲಿ ಸಿದ್ಧವಾಗಿದೆ. ಐನಾಪುರಕ್ಕೆ ನೆರೆಯ ಶೇಡಬಾಳದವರಾದ ಮಿರ್ಜಿ ಅಣ್ಣಾರಾಯರು 'ನಿಸರ್ಗ' ಕಾದಂಬರಿಯಲ್ಲಿ, ಒಕ್ಕಲು ಮನೆಯ ಆಡುಮಾತು ಗಂಭೀರವಾದ ಬಾಳನ್ನು ಹೊರಬಲ್ಲುದೆಂದು ತೋರಿಸಿಕೊಟ್ಟರು. 'ಜೈನಧರ್ಮ'ವೆಂಬ ಗ್ರಂಥವನ್ನು ಬರೆದವರೂ ಅವರೇ. ಶಾಸ್ತ್ರ ಒಂದು ಕೈಯಲ್ಲಿ, ಒಲೆಯ ಮುಂದಿನ ಮಾತು ಇನ್ನೊಂದು ಕೈಯಲ್ಲಿ ಹಿಡಿದ ಅಂಥ ಲೇಖಕ, ಅದಕ್ಕಿಂತಲೂ ಅಂಥ ಲೇಖಕಿ, ಈ ಕೆಲಸಕ್ಕೆ ಬೇಕು. ಚೌಕಾ ಹಾಕಿ ಬಾಗಿಲಲ್ಲಿ ನಿಂತ ಹೆಂಗಸರಿಗೆ ಆ ಬಾಳಿನ ಅರ್ಧ ಗೊತ್ತಿದೆ. ಉಳಿದರ್ಧ ಗೊತ್ತಿರುವವರು ಪ್ರತಿ ವರ್ಷ ನಾಲ್ಕು ತಿಂಗಳು ಅದೇ ಊರಿನ ಬಸದಿಯಲ್ಲಿ ಕುಳಿತಿರುತ್ತಾರೆ. ಕೇಳಿದರೆ ಹೇಳಿಯಾರು.