ಗಂಗಾಳನ್ನು ಮರೆತ ಎರಡನೆಯ ಭಾಗ

ಗೆದ್ದ ಚಿತ್ರದ ಎರಡನೆಯ ಭಾಗ ಮೊದಲನೆಯದರ ಎತ್ತರಕ್ಕೆ ಏರಬಲ್ಲದೇ? ಕನ್ನಡದಲ್ಲಿ ಈ ಪ್ರಶ್ನೆ ಕೇಳುವವರು ‘ಆಪ್ತಮಿತ್ರ’ (2004) ಮತ್ತು ‘ಆಪ್ತರಕ್ಷಕ’ (2010) ಚಿತ್ರಗಳನ್ನು ಒಟ್ಟಿಗಿಟ್ಟು ನೋಡಬೇಕು. ಎರಡರ ನಿರ್ದೇಶಕರೂ ಪಿ. ವಾಸು. ಎರಡರಲ್ಲೂ ವಿಷ್ಣುವರ್ಧನ್ ಮನೋವೈದ್ಯ. ಮೊದಲನೆಯದು ತೆರೆಗೆ ಬರುವ ಮುನ್ನ ಸೌಂದರ್ಯ ವಿಮಾನ ದುರಂತದಲ್ಲಿ ತೀರಿಕೊಂಡಿದ್ದರು. ಎರಡನೆಯದು ಬರುವ ಮುನ್ನ ವಿಷ್ಣುವರ್ಧನ್ ಅವರೇ ಇರಲಿಲ್ಲ. ಹಾಗಾಗಿ ಜನ ಇವನ್ನು ಒದ್ದೆ ಕಣ್ಣಿನಿಂದಲೇ ನೋಡಿದರು. ಅದು ಸಹಜವೇ. ಆದರೆ ಆ ಕಣ್ಣೀರಿನಲ್ಲಿ ಒಂದು ಮುಖ್ಯ ಸಂಗತಿ ತೇಲಿ ಹೋಯಿತು.

ಕಥೆಯ ಮೂಲ, ಫಾಜಿಲ್ 1993ರಲ್ಲಿ ಮಲಯಾಳದಲ್ಲಿ ತೆಗೆದ ‘ಮಣಿಚಿತ್ರತ್ತಾಳ್’. ಹಳೆಯ ಬಂಗಲೆಗೆ ಬಂದ ಗಂಗಾ, ಹಿಂದೆಂದೋ ಕೊಲೆಯಾದ ನರ್ತಕಿಯೇ ತಾನು ಎಂದುಕೊಳ್ಳುತ್ತಾಳೆ. ಮನೆಯವರಿಗೆ ಅದು ದೆವ್ವದ ಕಾಟ, ವೈದ್ಯನಿಗೆ ಮನಸ್ಸಿನ ಕಾಯಿಲೆ. ಚಿತ್ರ ವೈದ್ಯನ ಪರ ನಿಲ್ಲುತ್ತದೆ. ಆತ ಆಚಾರ್ಯರ ಹೋಮ, ಮಂತ್ರಗಳನ್ನು ಚಿಕಿತ್ಸೆಯ ನಾಟಕಕ್ಕೆ ಬಳಸಿಕೊಳ್ಳುತ್ತಾನೆ ನಿಜ. ಈ ರಾಜಿ ನಮಗೆ ಪೂರ್ತಿ ಒಪ್ಪಿಗೆಯಿಲ್ಲ. ಆದರೂ ಗಂಗಾ ಗುಣವಾಗುತ್ತಾಳೆ, ಯಾರೂ ಅವಳನ್ನು ಸರಪಳಿಯಲ್ಲಿ ಕಟ್ಟುವುದಿಲ್ಲ.

ಸರಪಳಿಯ ಮಾತು ಸುಮ್ಮನೆ ಎತ್ತಿದ್ದಲ್ಲ. ‘ಆಪ್ತಮಿತ್ರ’ ಬರುವ ಮೂರು ವರ್ಷ ಮೊದಲು, 2001ರ ಆಗಸ್ಟ್ 6ರಂದು, ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳ ಖಾಸಗಿ ಆಶ್ರಮವೊಂದಕ್ಕೆ ಬೆಂಕಿ ಬಿದ್ದು, ಸರಪಳಿಯಲ್ಲಿದ್ದ 28 ಮಂದಿ ಸುಟ್ಟುಹೋದರು. ಅಲ್ಲಿನ ದರ್ಗಾದಲ್ಲಿ ಶಿಫಾ ಸಿಗುತ್ತದೆಂಬ ನಂಬಿಕೆಯಿಂದ ಮನೆಯವರು ಕರೆತಂದು ಬಿಟ್ಟಿದ್ದವರು ಅವರು. ನಮ್ಮ ಕಂದಿಕೆರೆಯಂಥ ಊರುಗಳಲ್ಲೂ ಮನಸ್ಸು ಕೆಟ್ಟ ಹೆಣ್ಣುಮಗಳನ್ನು ಎಷ್ಟೋ ಸಲ ಮೊದಲು ಕರೆದೊಯ್ಯುವುದು ತಾಯಿತ ಕಟ್ಟುವವರ ಹತ್ತಿರ. ಇದರಲ್ಲಿ ಹಿಂದೂ, ಮುಸಲ್ಮಾನ ಎಂಬ ಭೇದವಿಲ್ಲ. ನಿಮ್ಹಾನ್ಸ್ ನೆನಪಾಗುವುದು ಆಮೇಲೆ. ಇಂಥ ಕಡೆ ‘ಇದು ಕಾಯಿಲೆ, ಗುಣವಾಗುತ್ತದೆ’ ಎಂದು ಜನಪ್ರಿಯ ಚಿತ್ರವೊಂದು ಹೇಳಿದ್ದು ಸಣ್ಣ ಮಾತಲ್ಲ.

‘ಆಪ್ತರಕ್ಷಕ’ದಲ್ಲೂ ವೈದ್ಯನಿದ್ದಾನೆ, ಕಾಯಿಲೆಯ ಮಾತೂ ಇದೆ. ಆದರೆ ಅದರ ಜೊತೆಗೆ ಅಪಶಕುನದ ಚಿತ್ರಪಟ, ದೈತ್ಯ ಹಾವು, ನೂರು ದಾಟಿಯೂ ಬದುಕಿರುವ ರಾಜ ಬಂದು ಕೂತಿದ್ದಾರೆ. ಮೊದಲ ಚಿತ್ರದಲ್ಲಿ ಗಂಗಾಳ ಕಲ್ಪನೆಗೆ ಸೇರಿದ್ದ ವಿಜಯರಾಜೇಂದ್ರ ಬಹದ್ದೂರ್ ಇಲ್ಲಿ ಎದ್ದು ಬಂದಿದ್ದಾನೆ, ಏಕೆಂದರೆ ಚಪ್ಪಾಳೆ ಬಿದ್ದದ್ದು ಅವನಿಗೆ! ವಿಷ್ಣುವರ್ಧನ್ ಅಭಿನಯದ ಬಗ್ಗೆ ನಮ್ಮ ತಕರಾರಿಲ್ಲ. ಕಷ್ಟವೇನೆಂದರೆ, ಹೆಣ್ಣನ್ನು ಕೊಂದ ರಾಜ ಚಿತ್ರದ ಆಕರ್ಷಣೆಯಾದ, ನರಳುವ ಹೆಣ್ಣು ಬರೀ ನೆಪವಾದಳು. ನಮ್ಮ ಕಡೆ ತೋಟದವರು ಬೀಜದ ಕಾಯಿಗೆ ಫಸಲು ಕೊಡುವ ಮರ ಹುಡುಕುತ್ತಾರೆಯೇ ಹೊರತು ಸಿಪ್ಪೆಯ ಬಣ್ಣಕ್ಕೆ ಮರುಳಾಗುವುದಿಲ್ಲ.

ಎರಡನೆಯ ಭಾಗವೆಂದರೆ ಸೋಲಲೇಬೇಕು ಎಂದೇನಿಲ್ಲ. ಸತ್ಯಜಿತ್ ರಾಯ್ ‘ಪಥೇರ್ ಪಾಂಚಾಲಿ’ಯ ಮರುವರ್ಷ, 1956ರಲ್ಲಿ, ‘ಅಪರಾಜಿತೋ’ ತೆಗೆದರು. ಅದಕ್ಕೆ ವೆನಿಸ್‌ನ ಚಿನ್ನದ ಸಿಂಹ ಬಂತು. ಅಲ್ಲಿ ಅಪು ಬೆಳೆಯುತ್ತಾನೆ, ಓದಲು ಪೇಟೆಗೆ ಹೋಗುತ್ತಾನೆ, ತಾಯಿ ಊರಿನಲ್ಲಿ ಒಂಟಿಯಾಗುತ್ತಾಳೆ. ಕಥೆಯಲ್ಲಿ ಇನ್ನೂ ಬದುಕು ಉಳಿದಿತ್ತು.

ಗಂಗಾಳ ಕಥೆಯಲ್ಲೂ ಉಳಿದಿತ್ತು. ಗುಣವಾಗಿ ಮನೆಗೆ ಮರಳಿದವಳನ್ನು ಅತ್ತೆಮನೆ ಹೇಗೆ ನೋಡುತ್ತದೆ? ಅವಳು ಸ್ವಲ್ಪ ಸಿಟ್ಟಾದರೆ ‘ಮತ್ತೆ ಬಂತು’ ಎನ್ನುವುದಿಲ್ಲವೇ? ಮಗುವನ್ನು ಅವಳ ಕೈಗೆ ಕೊಡಲು ಹಿಂಜರಿಯುವುದಿಲ್ಲವೇ? ಈ ಚಿತ್ರವನ್ನು ಯಾರೂ ತೆಗೆಯಲಿಲ್ಲ. 2022ರಲ್ಲಿ ಇದೇ ಕಥೆಯ ಹಿಂದಿ ಕವಲಾದ ‘ಭೂಲ್ ಭುಲಯ್ಯಾ 2’ ಬಂತು. ಅದರಲ್ಲಿ ದೆವ್ವ ನಿಜವಾದ ದೆವ್ವವೇ.